ಹಿಮ ಬೀಳದ ಬಿಕ್ಕೋಡಿಗೆ ಹಸಿರು ನೀರು ಬಂದ ಕಥೆ

ಕಾಫಿ ಕೊಯ್ಲು ಶುರುವಾಗುವ ಮುಂಚೆ ನಮ್ಮ ಬಿಕ್ಕೋಡಿನ ಗ್ಯಾರೇಜುಗಳ ಮುಂದೆ ಜೀಪು, ಪಿಕಪ್ಪು, ಟ್ರ್ಯಾಕ್ಟರುಗಳು ಸಾಲಾಗಿ ನಿಲ್ಲುತ್ತವೆ. ಕಳೆದ ಸಲ ಅಂಥದೊಂದು ಕಡೆ ನಾನೂ ನನ್ನ ಬೈಕು ಹಿಡಿದು ನಿಂತಿದ್ದೆ. ಮೆಕ್ಯಾನಿಕ್ ಹುಡುಗ ಒಂದು ಟ್ರ್ಯಾಕ್ಟರಿನ ರೇಡಿಯೇಟರ್ ಖಾಲಿ ಮಾಡಿದ. ಟೀ ಬಣ್ಣದ ತುಕ್ಕು ನೀರು ಸುರಿಯಿತು. ಟ್ರ್ಯಾಕ್ಟರಿನ ಯಜಮಾನರು ಆಗಲೇ ನಲ್ಲಿಯಿಂದ ಬಕೆಟ್ ತುಂಬಿಸಿ ತಂದಿದ್ದರು.

"ಬರೀ ನೀರು ಬೇಡಿ ಗೌಡ್ರೇ, ಕೂಲೆಂಟ್ ಹಾಕೋಣ," ಅಂದ ಹುಡುಗ.

ಯಜಮಾನರು ಡಬ್ಬಿ ತಿರುಗಿಸಿ ನೋಡಿದರು. ಅದರ ಮೇಲೆ ಆ್ಯಂಟಿಫ್ರೀಜ್ ಅಂತಲೂ ಬರೆದಿತ್ತು. "ಫ್ರೀಜ್ ಅಂದ್ರೆ ಹೆಪ್ಪುಗಟ್ಟೋದು ತಾನೆ? ಬಿಕ್ಕೋಡಲ್ಲಿ ಯಾವಾಗಪ್ಪಾ ನೀರು ಹೆಪ್ಪುಗಟ್ಟಿರೋದು?"

ಹುಡುಗನ ಹತ್ತಿರ ಉತ್ತರವಿರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ. ಮನೆಗೆ ಬಂದು ಹುಡುಕುತ್ತಾ ಹೋದೆ. ಉತ್ತರ ನೂರು ವರ್ಷ ಹಿಂದಕ್ಕೆ ಕರೆದುಕೊಂಡು ಹೋಯಿತು.

ಚಳಿ ದೇಶದ ಕಷ್ಟ

ನೀರು ಮಂಜುಗಡ್ಡೆಯಾದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಎಂಜಿನ್ ಒಳಗೆ ಸಿಕ್ಕಿಕೊಂಡ ನೀರು ಹೀಗೆ ಹಿಗ್ಗಿದರೆ ಎರಕದ ಕಬ್ಬಿಣವೂ ಸೀಳಿಬಿಡುತ್ತದೆ. ಮೋಟಾರು ಗಾಡಿಗಳು ಬಂದ ಹೊಸದರಲ್ಲಿ ಯುರೋಪು, ಅಮೆರಿಕದ ಚಳಿ ಸೀಮೆಯವರು ರಾತ್ರಿ ಗಾಡಿ ನಿಲ್ಲಿಸುವಾಗ ರೇಡಿಯೇಟರ್ ನೀರು ಬಸಿಯುತ್ತಿದ್ದರು, ಬೆಳಿಗ್ಗೆ ಮತ್ತೆ ತುಂಬುತ್ತಿದ್ದರು. ಒಂದು ರಾತ್ರಿ ಮರೆತರೆ ಎಂಜಿನ್ ಹೋಯಿತು ಅಂತಲೇ ಲೆಕ್ಕ.

ಈ ಗೋಳು ತಪ್ಪಿಸಿಕೊಳ್ಳಲು ನೀರಿಗೆ ಉಪ್ಪು ಬೆರೆಸಿದರು. ಲೋಹ ತುಕ್ಕು ಹಿಡಿಯಿತು. ಮದ್ಯಸಾರ ಬೆರೆಸಿದರು. ಎಂಜಿನ್ ಕಾದಂತೆ ಅದು ಆವಿಯಾಗಿ ಹೋಯಿತು.

ಕೊನೆಗೆ ಕೈಹಿಡಿದದ್ದು ಎಥಿಲೀನ್ ಗ್ಲೈಕಾಲ್. ಬಣ್ಣವಿಲ್ಲದ, ಸ್ವಲ್ಪ ಅಂಟಾದ, ಸಿಹಿಯಾದ ದ್ರವ. ಫ್ರಾನ್ಸಿನ ರಸಾಯನ ವಿಜ್ಞಾನಿ ಅಡಾಲ್ಫ್ ವುರ್ಟ್ಜ್ 1850ರ ದಶಕದಲ್ಲೇ ಇದನ್ನು ತಯಾರಿಸಿದ್ದರು. ಆದರೆ ರೇಡಿಯೇಟರ್‌ಗೆ ಹಾಕುವ ಸರಕಾಗಿ ಅಮೆರಿಕದ ಅಂಗಡಿಗಳಿಗೆ ಬಂದದ್ದು 1920ರ ದಶಕದ ಕೊನೆಯಲ್ಲಿ. ಹಸಿರು, ಕೆಂಪು ಎಲ್ಲ ಆಮೇಲೆ ಬೆರೆಸುವ ಬಣ್ಣ.

ಇದರಲ್ಲೊಂದು ವಿಚಿತ್ರವಿದೆ. ಬರೀ ಗ್ಲೈಕಾಲ್ ಸೊನ್ನೆಗಿಂತ ಸುಮಾರು 13 ಡಿಗ್ರಿ ಕೆಳಗೇ ಹೆಪ್ಪುಗಟ್ಟುತ್ತದೆ. ಅರ್ಧ ನೀರು, ಅರ್ಧ ಗ್ಲೈಕಾಲ್ ಬೆರೆಸಿದರೆ ಸುಮಾರು 37 ಡಿಗ್ರಿ ಕೆಳಗಿನವರೆಗೂ ತಡೆಯುತ್ತದೆ. ಜೊತೆಗೆ, ಶಾಖ ಹೊತ್ತು ಸಾಗಿಸುವುದರಲ್ಲಿ ನೀರೇ ಮೇಲು. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಎಂಜಿನ್ನಿಗೆ ಮೊದಲು ಬರೀ ಗ್ಲೈಕಾಲ್ ತುಂಬುತ್ತಿದ್ದರು. ಆಮೇಲೆ ಬುದ್ಧಿ ಕಲಿತು ನೀರನ್ನೇ ಹೆಚ್ಚಿಗೆ ಮಾಡಿ, ಗ್ಲೈಕಾಲ್ ಕಡಿಮೆ ಮಾಡಿದರು. ಹೆಚ್ಚು ಸುರಿದಷ್ಟೂ ಒಳ್ಳೆಯದು ಅನ್ನುವುದು ಇಲ್ಲಿ ನಡೆಯುವುದಿಲ್ಲ.

ನಮ್ಮ ಕಡೆಯ ನೀರಿನ ಕ್ಯಾನು

ಸ್ವಾತಂತ್ರ್ಯ ಬಂದ 1947ರಲ್ಲೇ ಮಹೀಂದ್ರ ಕಂಪನಿ ಬಾಂಬೆಯಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರುಮಾಡಿತು. 1959ರಲ್ಲಿ ಫರೀದಾಬಾದಿನಲ್ಲಿ ಐಷರ್ ಟ್ರ್ಯಾಕ್ಟರ್ ತಯಾರಾಯಿತು. ಮಲೆನಾಡಿನ ಎಸ್ಟೇಟುಗಳಿಗೆ ಜೀಪು ಬಂತು, ಹೊಲಗದ್ದೆಗೆ ಟ್ರ್ಯಾಕ್ಟರು ಬಂತು. ಗಾಡಿಯ ಜೊತೆ ಆ್ಯಂಟಿಫ್ರೀಜ್ ಬರಲಿಲ್ಲ. ಬರುವ ಅಗತ್ಯವೂ ಕಾಣಲಿಲ್ಲ. ಇಲ್ಲಿ ಹಿಮವೆಲ್ಲಿ?

ಹಳೆಯ ಜೀಪ್ ಡ್ರೈವರುಗಳನ್ನು ಕೇಳಿ ನೋಡಿ. ಸೀಟಿನ ಹಿಂದೆ ನೀರಿನ ಕ್ಯಾನು ಇಲ್ಲದೆ ಅವರು ಘಾಟಿ ಹತ್ತುತ್ತಿರಲಿಲ್ಲ. ಹೊಗೆಯಾಡಿದರೆ ಬಾನೆಟ್ ಎತ್ತಿ ನಿಲ್ಲಿಸುವುದು, ಆರಿದ ಮೇಲೆ ಹಳ್ಳದ ನೀರು ಹಾಕುವುದು. ಆಗ ಎಂಜಿನ್ನು ದಪ್ಪ ಕಬ್ಬಿಣ, ರೇಡಿಯೇಟರು ತಾಮ್ರ, ಹಿತ್ತಾಳೆ. ತೂತಾದರೆ ಬೆಸುಗೆ ಹಾಕಿಸಿಕೊಳ್ಳಬಹುದಿತ್ತು. ಆ ಗಾಡಿಗೆ ಆ ಪದ್ಧತಿ ಹೇಗೋ ನಡೆಯಿತು.

ಆಮೇಲೆ ಗಾಡಿ ಬದಲಾಯಿತು, ಪದ್ಧತಿ ಬದಲಾಗಲಿಲ್ಲ. ಈಗಿನ ಹೆಚ್ಚಿನ ಗಾಡಿಗಳಲ್ಲಿ ರೇಡಿಯೇಟರ್ ಅಲ್ಯೂಮಿನಿಯಂನದು, ಅಂಚಿನ ತೊಟ್ಟಿ ಪ್ಲಾಸ್ಟಿಕ್ಕಿನದು, ಒಳಗಿನ ಕೊಳವೆಗಳು ಸಣ್ಣವು. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ತಳ ನೋಡಿದ್ದೀರಲ್ಲ, ಬಿಳಿ ಗಾರೆ ಕಟ್ಟಿರುತ್ತದೆ. ಅದೇ ಗಾರೆ ಈ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಜೊತೆಗೆ ತುಕ್ಕು. ಆಮೇಲೆ ಎಂಜಿನ್ ಕಾದು ಗ್ಯಾಸ್ಕೆಟ್ ಹೋಗುತ್ತದೆ.

ಹಾಗಾದರೆ ಗೌಡರ ಪ್ರಶ್ನೆಗೆ ಉತ್ತರ ಇಷ್ಟು. ಡಬ್ಬಿಯ ಮೇಲಿನ ಹೆಸರು ಚಳಿ ದೇಶದ್ದು. ನಮ್ಮಲ್ಲಿ ಅದರ ಕೆಲಸ ಬೇರೆ: ತುಕ್ಕು ತಡೆಯುವುದು, ಕುದಿಯುವುದನ್ನು ತಡ ಮಾಡುವುದು. ತುಕ್ಕು ತಡೆಯುವ ಔಷಧಿ ಅದರಲ್ಲಿ ಮೊದಲೇ ಬೆರೆತಿರುತ್ತದೆ. ವರ್ಷಗಳು ಕಳೆದಂತೆ ಆ ಔಷಧಿ ಮುಗಿಯುತ್ತದೆ. ಬಣ್ಣ ಹಸಿರಾಗೇ ಇದ್ದರೂ ಬಸಿದು ಹೊಸದು ತುಂಬಬೇಕೆನ್ನುವುದು ಅದಕ್ಕೇ.

ಬಸಿದ ಮೇಲೆ ತುಂಬುವುದು

ಬಿಸಿ ಎಂಜಿನ್ನಿನ ಮುಚ್ಚಳ ಯಾವತ್ತೂ ತೆಗೆಯಬೇಡಿ. ಒಳಗೆ ಒತ್ತಡವಿರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ. ಮುಚ್ಚಳ ತೆಗೆದ ಕ್ಷಣ ಉಕ್ಕಿ ಮುಖಕ್ಕೆ ಬರುತ್ತದೆ.

ಡಬ್ಬಿಯಲ್ಲಿರುವುದು ಬೆರೆಸಿದ್ದೋ ಗಟ್ಟಿಯದ್ದೋ ಕೇಳಿಕೊಳ್ಳಿ. ಗಟ್ಟಿಯದ್ದಾದರೆ ಡಬ್ಬಿಯ ಮೇಲೆ ಹೇಳಿರುವ ಅಳತೆಯಲ್ಲಿ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬೆರೆಸಬೇಕು. ಬಣ್ಣ ಒಂದೇ ಇದೆಯೆಂದು ಎರಡು ಜಾತಿಯದ್ದನ್ನು ಸೇರಿಸಬೇಡಿ. ಬಣ್ಣಕ್ಕೆ ಎಲ್ಲ ಕಂಪನಿಗಳಿಗೂ ಒಂದೇ ನಿಯಮವಿಲ್ಲ. ನಿಧಾನವಾಗಿ ಸುರಿಯಿರಿ, ಒಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ಒಂದಿಷ್ಟು ಹೊತ್ತು ಎಂಜಿನ್ ಓಡಿಸಿ, ಪೂರ್ತಿ ಆರಿದ ಮೇಲೆ ಮಟ್ಟ ನೋಡಿ ಮತ್ತೆ ತುಂಬಿ.

ಇನ್ನೊಂದು ಮಾತು ಹೋಂಸ್ಟೇ ನಡೆಸುವವರಿಗೆ. ಸ್ನಾನದ ನೀರಿಗೆ ಈಗ ಹೀಟ್ ಪಂಪ್ ಹಾಕಿಸುವವರಿದ್ದಾರೆ. ಅದು ಹೊರಗಿನ ಗಾಳಿಯ ಶಾಖ ಎಳೆದು ನೀರಿಗೆ ಕೊಡುವ ಯಂತ್ರ, ತಿರುಗಿಸಿಟ್ಟ ಫ್ರಿಜ್ ಇದ್ದಂತೆ. ಚಳಿ ದೇಶಗಳಲ್ಲಿ ಇದರ ಪೈಪುಗಳು ಮನೆಯ ಹೊರಗೂ ಒಳಗೂ ಸುತ್ತುವುದರಿಂದ, ರಿಪೇರಿಗೆ ಬಸಿದ ಮೇಲೆ ನೀರಿನ ಜೊತೆ ಪ್ರೊಪಿಲೀನ್ ಗ್ಲೈಕಾಲ್ ಬೆರೆಸಿ ತುಂಬುವುದುಂಟು. ಅದು ವಿಷ ಕಡಿಮೆಯಿರುವ ಬೇರೆ ಜಾತಿ. ಹಿಮ ಬೀಳದ ನಮ್ಮ ಊರಲ್ಲಿ ಸ್ನಾನದ ನೀರಿನ ಯಂತ್ರಕ್ಕೆ ಅದೂ ಬೇಕಿಲ್ಲ. ಗಾಡಿಯ ಕೂಲೆಂಟ್ ಉಳಿದಿದೆ ಅಂತ ಹೀಟ್ ಪಂಪಿಗೋ ಸೋಲಾರಿಗೋ ಸುರಿಯುವ ಯೋಚನೆ ಖಂಡಿತ ಬೇಡ.

ಸಿಹಿಯೇ ಅಪಾಯ

ಎಥಿಲೀನ್ ಗ್ಲೈಕಾಲ್ ವಿಷ. ಹೊಟ್ಟೆಗೆ ಹೋದರೆ ದೇಹದೊಳಗೆ ಆಕ್ಸಾಲಿಕ್ ಆಮ್ಲವಾಗಿ ಮಾರ್ಪಟ್ಟು, ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ಮೊದಲು ಕುಡಿದವರ ಹಾಗೆ ತೂರಾಡುತ್ತಾರೆ, ಆಮೇಲೆ ಮೂತ್ರ ನಿಲ್ಲುತ್ತದೆ.

ಇದರ ದಾಯಾದಿ ಡೈಎಥಿಲೀನ್ ಗ್ಲೈಕಾಲ್. 1937ರಲ್ಲಿ ಅಮೆರಿಕದಲ್ಲಿ ಔಷಧಿಯೊಂದನ್ನು ಇದರಲ್ಲಿ ಕರಗಿಸಿ ಮಾರಿದರು. ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಮರುವರ್ಷವೇ ಆ ದೇಶ ಹೊಸ ಔಷಧ ಕಾನೂನು ತಂದಿತು. 1986ರಲ್ಲಿ ಬಾಂಬೆಯ ಜೆ.ಜೆ. ಆಸ್ಪತ್ರೆಯಲ್ಲಿ ಇದೇ ವಿಷ ಬೆರೆತ ಗ್ಲಿಸರಿನ್ ಕೊಟ್ಟು 14 ರೋಗಿಗಳು ಸತ್ತರು. ಅದರ ವಿಚಾರಣೆಗೆ ನ್ಯಾಯಮೂರ್ತಿ ಲೆಂಟಿನ್ ಆಯೋಗ ಕೂತಿತು. ಕಾರ್ಖಾನೆಗೂ ಗಾಡಿಗೂ ಇರಬೇಕಾದ ದ್ರವ ಬಾಯಿಗೆ ಬಂದಾಗಲೆಲ್ಲ ಕಥೆ ಹೀಗೇ ಮುಗಿದಿದೆ.

ನಮ್ಮೂರ ಗ್ಯಾರೇಜಿನ ಮುಂದೆ ಬಸಿದ ಹಸಿರು ನೀರು ಚರಂಡಿ ಸೇರುತ್ತದೆ. ಸಿಹಿಯಿರುವುದರಿಂದ ನಾಯಿ ನೆಕ್ಕುತ್ತದೆ, ಕರು ಬಾಯಿ ಹಾಕುತ್ತದೆ. ಚರಂಡಿ ಹಳ್ಳಕ್ಕೆ, ಹಳ್ಳ ಹೊಳೆಗೆ. ಹಾಗಾಗಿ ಬಸಿಯುವಾಗ ಕೆಳಗೆ ಅಗಲದ ಪಾತ್ರೆ ಇಡಿ. ಬಸಿದದ್ದನ್ನು ಕೂಲೆಂಟಿನ ಖಾಲಿ ಡಬ್ಬಿಗೇ ತುಂಬಿ, ವಿಷ ಅಂತ ದೊಡ್ಡದಾಗಿ ಬರೆದು, ಮಕ್ಕಳ ಕೈಗೆ ಎಟುಕದ ಕಡೆ ಇಡಿ. ತೆಗೆದುಕೊಳ್ಳುವ ಸರ್ವಿಸ್ ಸೆಂಟರ್ ಸಿಕ್ಕರೆ ಅಲ್ಲಿಗೆ ಕೊಡಿ. ಯಾರಾದರೂ ಕುಡಿದದ್ದು ಗೊತ್ತಾದರೆ ಲಕ್ಷಣ ಕಾಣಲಿ ಅಂತ ಕಾಯಬೇಡಿ. ಡಬ್ಬಿಯ ಸಮೇತ ತಕ್ಷಣ ಆಸ್ಪತ್ರೆಗೆ ಓಡಿ. ಬೇಗ ಹೋದರೆ ಚಿಕಿತ್ಸೆಯಿದೆ.

ಆವತ್ತು ಗೌಡರು ಕೊನೆಗೆ ಕೂಲೆಂಟ್ ಹಾಕಿಸಿಕೊಂಡರು. ಒಂದಿಷ್ಟು ಉಳಿಯಿತು. ಹುಡುಗ ಅದನ್ನು ಬೆಂಚಿನ ಮೇಲಿದ್ದ ಖಾಲಿ ಜ್ಯೂಸ್ ಬಾಟಲಿಗೆ ತುಂಬಿ, "ಮನೇಲಿ ಇಟ್ಕೊಳ್ಳಿ, ಬೇಕಾಗುತ್ತೆ" ಅಂತ ಕೊಟ್ಟ. ಅವರು ತೆಗೆದುಕೊಂಡು ಹೋದರು. ನಾನೂ ಸುಮ್ಮನೆ ನೋಡುತ್ತಾ ನಿಂತಿದ್ದೆ, ಆಗ ನನಗಿದು ಗೊತ್ತಿರಲಿಲ್ಲ. ಗೊತ್ತಾದ ದಿನವೇ ಅವರ ಮನೆಗೆ ಹೋದೆ. ಬಾಟಲಿ ಅಡಿಗೆಮನೆಯ ಕಿಟಕಿಯಲ್ಲಿತ್ತು.

ನಿಮ್ಮ ಮನೆಯ ಕಿಟಕಿಯನ್ನೂ ಇವತ್ತೇ ಒಂದು ಸಲ ನೋಡಿ.