ಮಲ್ಟಿಲಿಂಕ್ ಪಿಪಿಪಿ ದೃಢೀಕರಣ

ಪಿಪಿಪಿ (ಪಾಯಿಂಟ್-ಟು-ಪಾಯಿಂಟ್ ಪ್ರೋಟೋಕಾಲ್) ಬಳಸಿ ಎರಡು ರೂಟರ್‌ಗಳ ನಡುವಿನ ಹಲವು ಲೈನುಗಳನ್ನು ಒಂದೇ ಕಟ್ಟಾಗಿ ಸೇರಿಸುವಾಗ, ಪ್ರತಿ ಲೈನಿನ ಆಚೆ ತುದಿಯಲ್ಲಿ ಇರುವುದು ಯಾರು ಎಂದು ಖಾತ್ರಿ ಮಾಡಿಕೊಳ್ಳುವ ಕ್ರಮ. ಪಹರೆ ಇದರ ಅರ್ಧ ಕೆಲಸ ಮಾತ್ರ. ಯಾವ ಲೈನು ಯಾವ ಕಟ್ಟಿಗೆ ಸೇರಬೇಕೆಂದು ತೀರ್ಮಾನವಾಗುವುದೂ ಇದರಿಂದಲೇ.

1992ರ ಅಕ್ಟೋಬರ್‌ನಲ್ಲಿ ಬ್ರಯಾನ್ ಲಾಯ್ಡ್ ಮತ್ತು ವಿಲಿಯಂ ಸಿಂಪ್ಸನ್ ಪ್ರಕಟಿಸಿದ ಆರ್‌ಎಫ್‌ಸಿ 1334 ಎಂಬ ಅಂತರ್ಜಾಲ ನಿಯಮ ದಾಖಲೆ ಪ್ಯಾಪ್ ಮತ್ತು ಚಾಪ್ ಎಂಬ ಎರಡು ವಿಧಾನಗಳನ್ನು ಮುಂದಿಟ್ಟಿತು. ಪ್ಯಾಪ್‌ನಲ್ಲಿ ಪಾಸ್‌ವರ್ಡ್ ಇದ್ದ ಹಾಗೆಯೇ ಲೈನಿನ ಮೇಲೆ ಹೋಗುತ್ತದೆ. ಚಾಪ್‌ನಲ್ಲಿ ಹೋಗುವುದಿಲ್ಲ: ಒಂದು ತುದಿ ಯಾದೃಚ್ಛಿಕ ಸವಾಲನ್ನು ಕಳಿಸುತ್ತದೆ, ಇನ್ನೊಂದು ತುದಿ ಅದಕ್ಕೆ ತನ್ನ ಗುಟ್ಟಿನ ಪದವನ್ನು ಬೆರೆಸಿ ಎಂಡಿ5 ಲೆಕ್ಕದಿಂದ ಬಂದ 16 ಬೈಟ್‌ಗಳನ್ನು ಮರಳಿಸುತ್ತದೆ. ಸಂಪರ್ಕದ ನಡುವೆಯೂ ಸವಾಲು ಮತ್ತೆ ಬರಬಹುದು.

ಲೈನುಗಳನ್ನು ಕಟ್ಟುವ ನಿಯಮ 1994ರ ನವೆಂಬರ್‌ನಲ್ಲಿ ಬಂತು. ಐಎಸ್‌ಡಿಎನ್‌ನ ಎರಡು 64 ಕೆಬಿಪಿಎಸ್ ಚಾನೆಲ್‌ಗಳನ್ನು ಕೂಡಿಸಿ 128 ಪಡೆಯುವುದು ಆಗಿನ ಮುಖ್ಯ ಆಸೆ. ಪರಿಷ್ಕೃತ ನಿಯಮವಾದ ಆರ್‌ಎಫ್‌ಸಿ 1990, ಚಾಪ್‌ನ ಹೊಸ ರೂಪವಾದ ಆರ್‌ಎಫ್‌ಸಿ 1994, ಎರಡೂ ಹೊರಬಂದದ್ದು 1996ರ ಆಗಸ್ಟ್‌ನಲ್ಲಿ. ಆ ಸಂಖ್ಯೆಗಳನ್ನು ಇಸವಿ ಎಂದು ಓದಬಾರದು.

ಕರ್ನಾಟಕದಲ್ಲಿ ಇಂಥ ಕೊಂಡಿಗಳಿಗೆ ತಕ್ಕ ನೆಲ ಸಿದ್ಧವಾದದ್ದು ಸರ್ಕಾರಿ ಜಾಲಗಳಿಂದ. ಭೂಮಿ ಯೋಜನೆ ಕೊಡಗಿನ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಸೇರಿದಂತೆ 177 ತಾಲ್ಲೂಕುಗಳ ಪಹಣಿಯನ್ನು ಕಂಪ್ಯೂಟರಿಗೆ ತಂದಿತ್ತು.  ಆ ಯೋಜನೆಯಲ್ಲಿ ದಾಖಲೆ ತಿದ್ದುವ ಅಧಿಕಾರಿಯ ಗುರುತಿಗೆ ಬೆರಳಚ್ಚು ಇತ್ತು. ಯಂತ್ರಕ್ಕೆ ಯಂತ್ರದ ಗುರುತು ಬೇರೆ ಪ್ರಶ್ನೆ. 2005ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ರಾಜ್ಯವ್ಯಾಪಿ ಜಾಲ ಯೋಜನೆ ರಾಜಧಾನಿಯಿಂದ ಜಿಲ್ಲಾ ಕೇಂದ್ರಕ್ಕೆ, ಅಲ್ಲಿಂದ ಕೆಳಹಂತಕ್ಕೆ ಕನಿಷ್ಠ 2 ಎಂಬಿಪಿಎಸ್ ಸಂಪರ್ಕವನ್ನು ಗುರಿಯಾಗಿಟ್ಟಿತು. ಒಂದು ಇ1 ಲೈನಿನ ಮಿತಿ 2.048 ಎಂಬಿಪಿಎಸ್. ಅದು ಸಾಲದ ಕಡೆ ಮತ್ತೊಂದು ಇ1 ಸೇರಿಸಿ ಕಟ್ಟುವುದೇ ಆಗ ಅಗ್ಗದ ದಾರಿಯಾಗಿತ್ತು.

ಸಂರಚನೆಯಲ್ಲಿ ಎಡವಟ್ಟಾಗುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ. ಐಪಿ ವಿಳಾಸ ಇಡೀ ಕಟ್ಟಿಗೆ ಒಂದೇ, ಆದರೆ ಚಾಪ್ ಅನ್ನು ಪ್ರತಿ ಸೀರಿಯಲ್ ಲೈನಿನ ಮೇಲೂ ಹಾಕಬೇಕು. ದೃಢಪಟ್ಟ ಹೆಸರು ಮತ್ತು ತುದಿಯ ಗುರುತುಸಂಖ್ಯೆ ಎರಡೂ ಹೊಂದಿದರೆ ಮಾತ್ರ ಎರಡನೆಯ ಲೈನು ಮೊದಲನೆಯದರ ಜೊತೆ ಕೂಡುತ್ತದೆ. ಒಂದು ಲೈನಿನಲ್ಲಿ ಹೆಸರು ಬೇರೆಯಾಗಿದ್ದರೆ ಅದು ಪ್ರತ್ಯೇಕ ಕಟ್ಟಾಗುತ್ತದೆ, ಇಲ್ಲವೇ ರೂಟರ್ ಅದನ್ನು ಕೈಬಿಡುತ್ತದೆ. ಮೊದಲನೆಯ ಲೈನು ನಡೆಯುತ್ತಲೇ ಇರುವುದರಿಂದ ಕಚೇರಿಯವರಿಗೆ ಕಾಣುವುದು ‘ನೆಟ್ ನಿಧಾನ’ ಎಂಬುದಷ್ಟೇ.

ಚಾಪ್‌ಗೂ ಮಿತಿಗಳಿವೆ. ಗುಟ್ಟಿನ ಪದ ಎರಡೂ ತುದಿಗಳಲ್ಲಿ ಬಿಡಿಸಿ ಓದಬಲ್ಲ ರೂಪದಲ್ಲಿರಬೇಕು. ಸವಾಲು-ಉತ್ತರವನ್ನು ಕದ್ದು ಕೇಳಿದವನು ದುರ್ಬಲ ಪದವನ್ನು ಊಹಿಸಿ ನೋಡಬಹುದು. ದತ್ತಾಂಶವನ್ನಂತೂ ಅದು ಮುಚ್ಚಿಡುವುದೇ ಇಲ್ಲ. ಅದಕ್ಕೆ ಐಪಿಸೆಕ್‌ನಂಥ ಗೂಢಲಿಪಿ ವ್ಯವಸ್ಥೆ ಬೇಕು.

ಫೈಬರ್ ಮತ್ತು ಈಥರ್ನೆಟ್ ಬಂದಂತೆ ಸೀರಿಯಲ್ ಕಟ್ಟುಗಳು ಮೂಲೆಗೆ ಸರಿದವು. ಪಿಪಿಪಿ ಮಾತ್ರ 1999ರ ಪಿಪಿಪಿಒಇ ರೂಪದಲ್ಲಿ ಮನೆಗಳ ಬ್ರಾಡ್‌ಬ್ಯಾಂಡ್ ಮೋಡೆಮ್ ಸೇರಿತು. ಈಥರ್ನೆಟ್ ಲೈನುಗಳನ್ನು ಕಟ್ಟುವ 2000ದ 802.3ಎಡಿ ಮಾನಕದಲ್ಲಿ ದೃಢೀಕರಣವೇ ಇರಲಿಲ್ಲ; ಆ ಹೊಣೆ 2006ರಲ್ಲಿ ಬಂದ ಮ್ಯಾಕ್‌ಸೆಕ್ ಮತ್ತು ಅದರ ಜೊತೆಗಾರ ಮಾನಕಗಳಿಗೆ ಬಿತ್ತು.