ಗುದನಾಳದ ಕ್ಯಾನ್ಸರ್ ಶಸ್ತ್ರಚಿಕಿತ್ಸೆ: ತೊಡಕುಗಳ ಅಪಾಯಾಂಶಗಳು

ದೊಡ್ಡ ಕರುಳಿನ ಕೊನೆಯ ಸುಮಾರು 15 ಸೆಂ.ಮೀ. ಭಾಗವೇ ಗುದನಾಳ. ಅಲ್ಲಿನ ಗಡ್ಡೆಯನ್ನು ಸುತ್ತಲಿನ ಕೊಬ್ಬು, ದುಗ್ಧಗ್ರಂಥಿಗಳ ಸಮೇತ ಇಡಿಯಾಗಿ ಬಿಡಿಸಿ ತೆಗೆಯುವ ಕ್ರಮವನ್ನು ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನ ಶಸ್ತ್ರವೈದ್ಯ ಬಿಲ್ ಹೀಲ್ಡ್ 1982ರಲ್ಲಿ ಪ್ರಕಟಿಸಿದರು. ಕ್ಯಾನ್ಸರ್ ಅದೇ ಜಾಗದಲ್ಲಿ ಮರುಕಳಿಸುವುದು ಇದರಿಂದ ಗಣನೀಯವಾಗಿ ತಗ್ಗಿತು. ಗಡ್ಡೆ ತೆಗೆದ ಮೇಲೆ ಕರುಳಿನ ತುದಿಗಳನ್ನು ಸೇರಿಸಿದ ಕಡೆ ಸೋರಿಕೆಯಾಗುವುದೇ ಈ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಹೆಚ್ಚು ಅಂಜುವ ತೊಡಕು. ಮಲ ಸೋರಿದರೆ ಕಿಬ್ಬೊಟ್ಟೆಯಲ್ಲಿ ಕೀವುಗಟ್ಟಿ, ಸೋಂಕು ರಕ್ತಕ್ಕೇರಿ ಜೀವಕ್ಕೇ ಎರವಾಗಬಹುದು.

ಜೋಡಣೆ ಗುದದ್ವಾರಕ್ಕೆ ಹತ್ತಿರವಾದಷ್ಟೂ ಸೋರುವ ಸಂಭವ ಹೆಚ್ಚು. ಗಂಡಸರ ಸೊಂಟದ ಎಲುಬುಗೂಡು ಇಕ್ಕಟ್ಟು. ಆಳದಲ್ಲಿ ಕೈಯಾಡಿಸಲು ಜಾಗ ಸಾಲದು. ಕರುಳನ್ನು ಕತ್ತರಿಸಲು ಸ್ಟೇಪ್ಲರ್ ಅನ್ನು ಮೂರು ನಾಲ್ಕು ಬಾರಿ ಒತ್ತಬೇಕಾದರೆ ಅಪಾಯ ಮತ್ತಷ್ಟು ಏರುತ್ತದೆ. ಮೊದಲೇ ಪಡೆದ ವಿಕಿರಣ ಚಿಕಿತ್ಸೆ, ದೀರ್ಘಕಾಲದ ಸ್ಟೀರಾಯ್ಡ್ ಸೇವನೆ, ಬೊಜ್ಜು, ಹೆಚ್ಚು ರಕ್ತಸ್ರಾವ ಇವೂ ಕಾರಣಗಳೇ.

ರೋಗಿಯ ವಯಸ್ಸು, ಗಡ್ಡೆಯ ಜಾಗ ಬದಲಿಸಲಾಗದವು. ಆದರೆ ಧೂಮಪಾನ, ಅಪೌಷ್ಟಿಕತೆ, ರಕ್ತಹೀನತೆ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಹಾಗಲ್ಲ. ರಕ್ತದ ಆಲ್ಬುಮಿನ್ ಡೆಸಿಲೀಟರಿಗೆ 3.5 ಗ್ರಾಂಗಿಂತ ಕೆಳಗಿದ್ದರೆ ಗಾಯ ಮಾಯುವುದು ಕಷ್ಟವೆಂಬ ಸೂಚನೆ. ಕೆಲವು ವಾರ ಮೊದಲೇ ಸಿಗರೇಟು, ಬೀಡಿ ಬಿಟ್ಟು ಆಹಾರ ಸುಧಾರಿಸಿಕೊಂಡರೆ ಪ್ರಯೋಜನವುಂಟು. ವಿಕಿರಣ ಮುಗಿದು ಶಸ್ತ್ರಚಿಕಿತ್ಸೆಗೆ ಕಾಯುವ ವಾರಗಳನ್ನು ಇದಕ್ಕೆ ಬಳಸಿಕೊಳ್ಳದಿರುವುದು ದೊಡ್ಡ ನಷ್ಟ.

ಮಲವನ್ನು ಹೊಟ್ಟೆಯ ಮೇಲಿನ ಚೀಲಕ್ಕೆ ತಿರುಗಿಸುವ ತಾತ್ಕಾಲಿಕ ಸ್ಟೋಮಾ ಇನ್ನೊಂದು ರಕ್ಷಣೆ. 2007ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ 234 ರೋಗಿಗಳಿದ್ದರು. ಲಕ್ಷಣ ತೋರುವ ಸೋರಿಕೆ ಸ್ಟೋಮಾ ಇದ್ದವರಲ್ಲಿ ಶೇ. 10.3, ಇಲ್ಲದವರಲ್ಲಿ ಶೇ. 28. ಆದರೆ ಸ್ಟೋಮಾದಿಂದ ನೀರು, ಲವಣ ಹೆಚ್ಚು ಹರಿದುಹೋಗಿ ಮೂತ್ರಪಿಂಡಕ್ಕೆ ಹಾನಿಯಾಗಬಹುದು. ಅದನ್ನು ಮುಚ್ಚಲು ಮತ್ತೊಂದು ಶಸ್ತ್ರಚಿಕಿತ್ಸೆಯೂ ಬೇಕು.

ಸೋರಿಕೆಯೊಂದೇ ತೊಡಕಲ್ಲ; ಶಸ್ತ್ರಚಿಕಿತ್ಸೆಯಲ್ಲಿ ಸೊಂಟದೊಳಗಿನ ನರಗಳಿಗೆ ಪೆಟ್ಟಾದರೆ ಮೂತ್ರ ವಿಸರ್ಜನೆ, ಲೈಂಗಿಕ ಕ್ರಿಯೆ ಕೆಡುತ್ತವೆ. ಜೋಡಣೆ ಕೆಳಗಿದ್ದವರಲ್ಲಿ ಪದೇ ಪದೇ, ಅವಸರದ ಮಲವಿಸರ್ಜನೆ ವರ್ಷಗಟ್ಟಲೆ ಉಳಿಯಬಹುದು. ನಾಚಿಕೆಯಿಂದ ಹೆಚ್ಚಿನವರು ಬಾಯಿಬಿಡದ ಈ ತೊಂದರೆಗಳನ್ನು ವೈದ್ಯರೇ ಮೊದಲು ಪ್ರಸ್ತಾಪಿಸಬೇಕು.

ಸೋರಿಕೆ ಹೆಚ್ಚಾಗಿ ಮೊದಲ ಒಂದೆರಡು ವಾರಗಳಲ್ಲೇ ಬಯಲಾಗುತ್ತದೆ. ಜ್ವರ, ಏರಿದ ನಾಡಿಬಡಿತ, ಉಬ್ಬಿದ ಹೊಟ್ಟೆ, ಮೂರನೆಯ ದಿನ ಕಳೆದರೂ ಇಳಿಯದ, ರಕ್ತದಲ್ಲಿ ಉರಿಯೂತ ಸೂಚಿಸುವ ಸಿ-ರಿಯಾಕ್ಟಿವ್ ಪ್ರೋಟೀನ್ ಕಂಡರೆ ತಡಮಾಡದೆ ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ.