ಆಮೆ ಅಂದ್ರೆ ಎಷ್ಟು ತೂಕ?

ಅಂಗಡಿಯವನ ತೂಕ ಸರಿಯಿದೆ ಅಂತ ನಂಬೋದು ಹೇಗೆ? ಕ್ರಿ.ಪೂ. 500ರ ಸುಮಾರಿಗೇ ಅಥೆನ್ಸ್ ಇದಕ್ಕೊಂದು ಉತ್ತರ ಕೊಟ್ಟಿತ್ತು. ಅಲ್ಲಿನ ಅಗೋರಾದ, ಅಂದ್ರೆ ಪೇಟೆ ಬಯಲಿನ, ಬಾವಿಯೊಂದರಲ್ಲಿ ಮೂರು ಕಂಚಿನ ತೂಕದ ಬಟ್ಟು ಸಿಕ್ಕಿವೆ. ಮೂಳೆದಾಳದ ಚಿತ್ರ ಇರೋದು ಒಂದು ಸ್ಟೇಟರ್, ಸುಮಾರು 795 ಗ್ರಾಂ. ಗುರಾಣಿ ಇದ್ದರೆ ಅದರ ಕಾಲು ಭಾಗ, ಆಮೆ ಇದ್ದರೆ ಆರನೇ ಒಂದು ಭಾಗ. ಓದು ಬಾರದವನಿಗೂ ಲೆಕ್ಕ ಸಿಗುತ್ತೆ. ಜೊತೆಗೆ, ಇದು ಅಥೆನ್ಸಿನ ಜನರ ಸಾರ್ವಜನಿಕ ಸ್ವತ್ತು ಅನ್ನೋ ಬರಹ.

ಅರಿಸ್ಟಾಟಲ್ ಕಾಲಕ್ಕೆ ಅಳತೆ ಪರೀಕ್ಷಿಸೋಕೇ 10 ಅಧಿಕಾರಿಗಳಿದ್ದರು: ನಗರಕ್ಕೆ 5, ಪಿರೇಯಸ್ ಬಂದರಿಗೆ 5. ಅವರನ್ನು ಆರಿಸುತ್ತಿದ್ದದ್ದು ಚೀಟಿ ಎತ್ತಿ! ತಕ್ಕಡಿ ವ್ಯಾಪಾರಿಯದೇ ಇರಲಿ, ಅಳತೆ ಮಾತ್ರ ಊರಿನದು. ಕೊಳ್ಳುವವನಿಗೆ ಇದ್ದ ಧೈರ್ಯ ಅದೊಂದೇ.